ಇಂಗ್ಲಿಷ್ ಪೇಪರಿನ ಮೇಲೆ ಸಿಟ್ಟಾದ ಹುಡುಗ

ಡಿಸೆಂಬರ್ ಬಂತೆಂದರೆ ನಮ್ಮ ಶಿಡ್ಲಘಟ್ಟದ ಜೆರಾಕ್ಸ್ ಅಂಗಡಿಗಳಲ್ಲಿ ಒಂದು ಪುಸ್ತಕಕ್ಕೆ ಬೇಡಿಕೆ ಜೋರಾಗುತ್ತದೆ. ಪುಸ್ತಕ ಅನ್ನುವುದಕ್ಕಿಂತ ಪಿನ್ ಹೊಡೆದ ಹಾಳೆಗಳ ಕಟ್ಟು ಅನ್ನಬೇಕು. ಮೇಲೆ ದಪ್ಪ ಅಕ್ಷರದಲ್ಲಿ ‘ಪಾಸಿಂಗ್ ಪ್ಯಾಕೇಜ್’ ಎಂದಿರುತ್ತದೆ. ಎಸ್ಸೆಸ್ಸೆಲ್ಸಿ ಇಂಗ್ಲಿಷಿಗೆ ಯಾವ ಪದ್ಯ ಬಾಯಿಪಾಠ ಮಾಡಬೇಕು, ಯಾವ ಪತ್ರ ಬರಬಹುದು, ಪ್ರಬಂಧಕ್ಕೆ ಯಾವ ಮೂರು ನಾಲ್ಕು ವಿಷಯ ಓದಿಕೊಂಡರೆ ಸಾಕು, ಎಲ್ಲ ಅದರಲ್ಲಿ ಇರುತ್ತದೆ. ಹಳೇ ಪ್ರಶ್ನೆಪತ್ರಿಕೆಗಳನ್ನು ಜಾಲಾಡಿ, ಯಾವ ಭಾಗಕ್ಕೆ ಎಷ್ಟು ಅಂಕ ಅನ್ನುವ ನೀಲಿನಕ್ಷೆಗೆ ಹೊಂದಿಸಿ, ಅನುಭವ ಇರುವ ಮೇಷ್ಟ್ರುಗಳು ಕೂತು ಮಾಡಿದ ಕೆಲಸ ಅದು.

ಆ ಮೇಷ್ಟ್ರುಗಳ ಬಗ್ಗೆ ನನಗೆ ಗೌರವ ಇದೆ. ನಮ್ಮ ಕಡೆ ಹತ್ತನೇ ಕ್ಲಾಸು ಫೇಲಾದರೆ ಏನಾಗುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಹುಡುಗಿಯಾದರೆ ಆ ಬೇಸಿಗೆಯಲ್ಲೇ ಮನೆಯಲ್ಲಿ ಮದುವೆ ಮಾತು ಏಳುತ್ತದೆ. ಹುಡುಗನಾದರೆ ನೂಲು ಬಿಚ್ಚುವ ಘಟಕಕ್ಕೋ ಟೊಮೆಟೊ ಮಂಡಿಗೋ ಹೋಗುತ್ತಾನೆ, ಮತ್ತೆ ಪುಸ್ತಕ ಮುಟ್ಟುವುದಿಲ್ಲ. ಮಗುವನ್ನು ಹೇಗಾದರೂ ಆ ಗೆರೆ ದಾಟಿಸಬೇಕು ಅನ್ನುವ ತಳಮಳ ಆ ಹಾಳೆಗಳಲ್ಲಿ ಕಾಣುತ್ತದೆ.

ನನ್ನ ತಕರಾರು ಇರುವುದು ಬೇರೆ ಕಡೆ. ಕೊನೆಯ ಒಂದೆರಡು ತಿಂಗಳಿಗೆ ಅಂತ ಮಾಡಿದ ಆ ಕಟ್ಟು ಈಗ ಜೂನ್ ತಿಂಗಳಿಂದಲೇ ಮಕ್ಕಳ ಕೈಯಲ್ಲಿರುತ್ತದೆ. ಇಡೀ ವರ್ಷದ ಇಂಗ್ಲಿಷ್ ಅಂದರೆ ಅದೇ ಆಗಿಬಿಟ್ಟಿದೆ. ಇದರಿಂದ ಮಕ್ಕಳಿಗೆ ಇಂಗ್ಲಿಷ್ ಬರುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ದೊಡ್ಡ ನಷ್ಟ ಒಂದಿದೆ. ತಾನು ಓದುತ್ತಿರುವುದಕ್ಕೆ ಏನೋ ಅರ್ಥ ಇದೆ ಅನ್ನುವ ನಂಬಿಕೆಯನ್ನೇ ಮಗು ಬಿಟ್ಟುಬಿಡುತ್ತದೆ. ಇದು ನನಗೆ ಸರಿಯಾಗಿ ಅರ್ಥವಾದದ್ದು ಒಬ್ಬ ಹುಡುಗನಿಂದ. ಅವನ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಇತ್ತು.

ನಾನು ಇಲ್ಲೇ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಸಂಜೆ ಮನೆಯ ಜಗಲಿಯ ಮೇಲೆ ನಾಲ್ಕಾರು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ದುಡ್ಡು ತಗೊಳ್ಳುವುದಿಲ್ಲ. ಈ ಹುಡುಗ ಬಂದದ್ದು 2023ರಲ್ಲಿ, ಹತ್ತನೇ ಕ್ಲಾಸಿನ ಮೊದಲ ಕಿರುಪರೀಕ್ಷೆ ಮುಗಿದ ಮೇಲೆ. ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಊರು ಚಿಂತಾಮಣಿ ರಸ್ತೆಯಲ್ಲಿ. ಮನೆಯಲ್ಲಿ ಮಾತಾಡುವುದು ತೆಲುಗು. ಅಪ್ಪ ಅಮ್ಮ ಹಿಪ್ಪುನೇರಳೆ ತೋಟ ಇಟ್ಟುಕೊಂಡು ರೇಷ್ಮೆ ಹುಳ ಮೇಯಿಸುತ್ತಾರೆ. ಅವನ ಹೆಸರು ಇಲ್ಲಿ ಬೇಡ. ಗಣಿತದಲ್ಲಿ ಕ್ಲಾಸಿಗೇ ಮುಂದು. ಇಂಗ್ಲಿಷಿನಲ್ಲಿ ಎಂಬತ್ತಕ್ಕೆ ಹದಿನೇಳು.

ಮೊದಮೊದಲು ಅವನ ಬೇಡಿಕೆ ತುಂಬಾ ಸರಳವಾಗಿತ್ತು. “ಯಾವ್ದು ಬರುತ್ತೆ ಅಂತ ಹೇಳಿ ಅಕ್ಕಾ, ಬಾಯಿಪಾಠ ಮಾಡ್ತೀನಿ.” ಮಾಡಿಯೂ ಮಾಡುತ್ತಿದ್ದ. ಅವನ ನೆನಪಿನ ಶಕ್ತಿ ಚೆನ್ನಾಗಿತ್ತು. ಪ್ಯಾಕೇಜಿನ ಪತ್ರಗಳನ್ನು ಅಲ್ಪವಿರಾಮದ ಸಮೇತ ಒಪ್ಪಿಸುತ್ತಿದ್ದ.

ಸಿಟ್ಟು ಬಂದದ್ದು ಮುಂದಿನ ಪರೀಕ್ಷೆಯ ಪೇಪರ್ ಕೈಗೆ ಸಿಕ್ಕಾಗ. ಗೆಳೆಯನನ್ನು ಅಕ್ಕನ ಮದುವೆಗೆ ಕರೆದು ಪತ್ರ ಬರೆಯಿರಿ ಅಂತ ಪ್ರಶ್ನೆ ಇತ್ತು. ಇವನು ನಮ್ಮ ಊರಿಗೆ ಬಸ್ಸು ಸಾಲುತ್ತಿಲ್ಲ ಅಂತ ಡಿಪೋ ಮ್ಯಾನೇಜರಿಗೆ ಬರೆಯುವ ಪತ್ರವನ್ನು ಬರೆದಿದ್ದ. ಅವನು ಬಾಯಿಪಾಠ ಮಾಡಿದ್ದು ಅದನ್ನೇ. ವಿಳಾಸ, ದಿನಾಂಕ, ಕೊನೆಯಲ್ಲಿ ಸಹಿ, ಎಲ್ಲ ತಕ್ಕ ಜಾಗದಲ್ಲಿತ್ತು. ನಮೂನೆಗೆ ಅಂತ ಎರಡು ಅಂಕ ಕೊಟ್ಟಿದ್ದರು. ಬೇರೆ ಮಕ್ಕಳು ಆ ಎರಡು ಅಂಕಕ್ಕೆ ಖುಷಿಪಡುತ್ತಿದ್ದರೋ ಏನೋ. ಇವನು ಪೇಪರನ್ನು ನನ್ನ ಮುಂದೆ ಇಟ್ಟು ಕೇಳಿದ: “ನಾನು ಬರ್ದಿದ್ದು ಬೇರೆ ಪತ್ರ ಅಕ್ಕಾ. ಎರಡು ಅಂಕ ಯಾಕೆ ಕೊಟ್ರು?”

ನಾನು ನಮೂನೆ, ಚೌಕಟ್ಟು ಅಂತೆಲ್ಲ ವಿವರಿಸಿದೆ. ಅವನು ಪೂರ್ತಿ ಕೇಳಿಸಿಕೊಂಡು, ಆಮೇಲೆ ಇನ್ನೊಂದು ಮಾತು ಹೇಳಿದ. “ಮ್ಯಾಥ್ಸ್‌ನಲ್ಲಿ ತಪ್ಪಾದ್ರೆ ಎಲ್ಲಿ ತಪ್ಪಾಯ್ತು ಅಂತ ಗೊತ್ತಾಗುತ್ತೆ. ಇದ್ರಲ್ಲಿ ಸರಿಯಾದ್ರೂ ಯಾಕೆ ಸರಿ ಅಂತ ಗೊತ್ತಾಗಲ್ಲ. ನಂಗೆ ಇದು ಬ್ಯಾಡ.” ಪ್ಯಾಕೇಜನ್ನು ಸುರುಳಿ ಸುತ್ತಿ ಚೀಲಕ್ಕೆ ತುರುಕಿಕೊಂಡು ಹೊರಟೇಹೋದ. ಎರಡು ಮೂರು ವಾರ ಈ ಕಡೆ ಬರಲಿಲ್ಲ.

ಎಷ್ಟೋ ಜನ ಇದನ್ನು ಕೇಳಿ, ಹುಡುಗನಿಗೆ ಓದಿನಲ್ಲಿ ಆಸಕ್ತಿ ಇಲ್ಲ, ಹಟ ಜಾಸ್ತಿ ಅಂದರು. ನನಗೆ ಹಾಗೆ ಅನ್ನಿಸಲಿಲ್ಲ. ತಪ್ಪು ಉತ್ತರಕ್ಕೆ ಅಂಕ ಬಂದಾಗ ಸಿಟ್ಟಾಗುವ ಮಗುವಿಗೆ ಓದಿನ ಮೇಲೆ ಮರ್ಯಾದೆ ಇದೆ ಅಂತಲೇ ಅರ್ಥ ಅಲ್ವಾ? ಉಳಿದ ಮಕ್ಕಳು ಈ ಆಟಕ್ಕೆ ಒಗ್ಗಿಕೊಂಡಿದ್ದರು. ಇವನಿಗೆ ಒಗ್ಗಲಿಲ್ಲ, ಅಷ್ಟೇ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುವುದು ಶುರುವಾದದ್ದು 2007-08ರಲ್ಲಿ. ಅಂದರೆ ಈ ಹುಡುಗ ಒಂದನೇ ಕ್ಲಾಸಿನಿಂದ ಹತ್ತರವರೆಗೂ ಇಂಗ್ಲಿಷ್ ಪುಸ್ತಕ ಹೊತ್ತಿದ್ದಾನೆ. ಅಕ್ಷರ ಗೊತ್ತು. ಪದಗಳನ್ನು ಕೂಡಿಸಿ ಜೋರಾಗಿ ಓದುತ್ತಾನೆ. ಹೊರಗೆ ನಿಂತು ಕೇಳಿದವರು ಪರವಾಗಿಲ್ಲ, ಚೆನ್ನಾಗಿ ಓದುತ್ತಾನೆ ಅನ್ನಬೇಕು, ಹಾಗೆ. ಆದರೆ ಒಂದು ವಾಕ್ಯ ಓದಿ ಮುಗಿಸಿದ ಮೇಲೆ ಯಾರು ಯಾರಿಗೆ ಏನು ಮಾಡಿದರು ಅಂತ ಕೇಳಿದರೆ ಮುಖ ನೋಡುತ್ತಾನೆ.

ಅವನೇ ಬರೆದ ಒಂದು ವಾಕ್ಯ ನನ್ನ ಹತ್ತಿರ ಇದೆ. ‘ಮೈ ಮದರ್ ಮಾರ್ನಿಂಗ್ ಮಲ್ಬೆರಿ ಲೀಫ್ ಕಟ್.’ ಶಾಲೆಯಲ್ಲಿ ಇದಕ್ಕೆ ಕೆಂಪು ಗೆರೆ ಬಿದ್ದಿತ್ತು. ನೀವೇ ಓದಿ ನೋಡಿ. ಅಮ್ಮ, ಬೆಳಗ್ಗೆ, ಸೊಪ್ಪು, ಕೊಯ್ಯುತ್ತಾಳೆ. ತೆಲುಗಿನಲ್ಲೂ ಹೀಗೇ, ಕನ್ನಡದಲ್ಲೂ ಹೀಗೇ, ಕ್ರಿಯಾಪದ ಕೊನೆಗೆ ಬಂದು ಕೂರುತ್ತದೆ. ಆ ವಾಕ್ಯದಲ್ಲಿ ಒಂದು ಲೆಕ್ಕಾಚಾರ ಇದೆ. ಎರಡು ಭಾಷೆ ಚೆನ್ನಾಗಿ ಬಲ್ಲ ಹುಡುಗನ ವಾಕ್ಯ ಅದು. ಇಂಗ್ಲಿಷಿನಲ್ಲಿ ಮಾಡುವವರು ಮೊದಲು, ಮಾಡಿದ ಕೆಲಸ ಅವರ ಪಕ್ಕದಲ್ಲೇ, ಉಳಿದದ್ದೆಲ್ಲ ಆಮೇಲೆ ಅಂತ ಅವನಿಗೆ ಯಾರೂ ಕೂರಿಸಿಕೊಂಡು ತೋರಿಸಿರಲಿಲ್ಲ. ಬದಲಿಗೆ ಕರ್ತರಿ, ಕರ್ಮಣಿ, ವರದಿ ಮಾತು ಅಂತ ಒಂದೊಂದು ಅಂಕದ ಕಸರತ್ತು ಮಾಡಿಸಿದ್ದರು. ನಿಲ್ಲುವುದೇ ಬಾರದವನಿಗೆ ಓಟದ ನಿಯಮ ಹೇಳಿಕೊಟ್ಟ ಹಾಗೆ.

ಕೆನಡಾದಲ್ಲಿ ಜಿಮ್ ಕಮಿನ್ಸ್ ಎಂಬ ವಿದ್ವಾಂಸರು ವಲಸೆ ಬಂದ ಕುಟುಂಬಗಳ ಮಕ್ಕಳನ್ನು ಅಧ್ಯಯನ ಮಾಡಿ ಒಂದು ವಿಚಾರ ಹೇಳಿದ್ದರು. ಆಟದ ಮೈದಾನದಲ್ಲಿ ಆಡುವ ಇಂಗ್ಲಿಷ್ ಸುಮಾರು ಎರಡು ವರ್ಷದಲ್ಲಿ ಬಂದುಬಿಡುತ್ತದೆ. ಪಾಠ, ಪರೀಕ್ಷೆಗೆ ಬೇಕಾದ ಇಂಗ್ಲಿಷಿನಲ್ಲಿ ಉಳಿದ ಮಕ್ಕಳ ಸಮಕ್ಕೆ ಬರಲು ಐದರಿಂದ ಏಳು ವರ್ಷ ಬೇಕು. ಸುತ್ತಮುತ್ತ ಇಡೀ ದಿನ ಇಂಗ್ಲಿಷ್ ಕೇಳಿಸುವ ಮಕ್ಕಳ ಮಾತು ಇದು. ನಮ್ಮ ಹುಡುಗನಿಗೆ ಆ ಆಟದ ಮೈದಾನವೇ ಇಲ್ಲ. ದಿನಕ್ಕೆ ಒಂದು ಪೀರಿಯಡ್, ಅದರಲ್ಲೂ ಅರ್ಧ ಕನ್ನಡದಲ್ಲಿ ವಿವರಣೆ. ಮೊದಲ ಮೆಟ್ಟಿಲು ಹತ್ತಿಸದೆ ನೇರವಾಗಿ ಎರಡನೆಯದಕ್ಕೆ ಪರೀಕ್ಷೆ ಇಟ್ಟಿದ್ದೇವೆ.

ಅವನು ವಾಪಸ್ ಬಂದದ್ದು ಅವರಮ್ಮನ ಒತ್ತಾಯಕ್ಕೆ. ಅದಕ್ಕೂ ಮುಂಚೆ ನಾನೇ ಅವರ ಮನೆಗೆ ಹೋಗಿದ್ದೆ. ಹುಳ ನಾಲ್ಕನೇ ಜ್ವರ ಎದ್ದಿತ್ತು. ರೇಷ್ಮೆ ಸಾಕುವವರಿಗೆ ಇದು ಹೇಳಬೇಕಿಲ್ಲ. ಬೇರೆಯವರಿಗೆ ಹೇಳುವುದಾದರೆ, ಹುಳ ನಾಲ್ಕು ಸಲ ಸೊಪ್ಪು ಬಿಟ್ಟು, ತಲೆ ಎತ್ತಿ ಸುಮ್ಮನೆ ನಿಂತು ಪೊರೆ ಕಳಚುತ್ತದೆ. ಅದಕ್ಕೇ ನಮ್ಮ ಕಡೆ ಜ್ವರ ಅನ್ನುವುದು. ನಾಲ್ಕನೆಯದು ಮುಗಿದ ಮೇಲಿನ ಒಂದು ವಾರ ಮನೆಮಂದಿಗೆಲ್ಲ ನಿದ್ದೆ ಇಲ್ಲ. ಹುಳ ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚು ಆ ಕೊನೆಯ ಹಂತದಲ್ಲೇ ತಿಂದು ಮುಗಿಸುತ್ತದೆ. ಆಮೇಲೆ ಹಣ್ಣಾಗುತ್ತದೆ, ಅಂದರೆ ಗೂಡು ಕಟ್ಟಲು ಸಿದ್ಧವಾಗುತ್ತದೆ, ಚಂದ್ರಿಕೆ ಅನ್ನುವ ತಟ್ಟಿಗೆ ಬಿಡುತ್ತಾರೆ, ಗೂಡು ಕಟ್ಟುತ್ತದೆ. ಆ ವಾರದಲ್ಲಿ ಹತ್ತನೇ ಕ್ಲಾಸಿನ ಹುಡುಗನಿಗೆ ಓದು ಅಂತ ಯಾರು ಹೇಳುತ್ತಾರೆ?

ಹುಳದ ಮನೆಯ ಬಾಗಿಲ ಹತ್ತಿರ ಒಂದು ಪುಡಿಯ ಪೊಟ್ಟಣ ಇತ್ತು. ಹುಳಕ್ಕೆ ರೋಗ ಬರದಿರಲಿ ಅಂತ ಮೇಲೆ ಉದುರಿಸುವ ಸೋಂಕುನಿವಾರಕ. ಒಂದು ಪಕ್ಕ ಕನ್ನಡದಲ್ಲಿ, ಇನ್ನೊಂದು ಪಕ್ಕ ಇಂಗ್ಲಿಷಿನಲ್ಲಿ ಸೂಚನೆ. ಕನ್ನಡದ ಪಕ್ಕ ಒದ್ದೆಯಾಗಿ ಅಕ್ಷರ ಹೋಗಿತ್ತು. ಪುಡಿಯನ್ನು ಸೊಪ್ಪು ಹಾಕುವುದಕ್ಕೆ ಮುಂಚೆ ಉದುರಿಸಬೇಕೋ ಆಮೇಲೋ ಅಂತ ಅವನಿಗೂ ಅವರಮ್ಮನಿಗೂ ಮಾತು ನಡೆದಿತ್ತು. ಪ್ರತಿ ಬೆಳೆಗೂ ಇದೇ ಜಗಳವಂತೆ.

“ಓದು” ಅಂದೆ.

“ನಂಗೆ ಬರಲ್ಲ ಅಕ್ಕಾ, ಇಂಗ್ಲಿಷ್ ಐತೆ.”

“ಸುಮ್ನೆ ಓದೋ. ಪರೀಕ್ಷೆ ಅಲ್ಲ.”

ಓದಿದ. ‘ದಿ ಪೌಡರ್ ಶುಡ್ ಬಿ ಡಸ್ಟೆಡ್ ಆಫ್ಟರ್ ಈಚ್ ಮೋಲ್ಟ್, ಹಾಫ್ ಆ್ಯನ್ ಅವರ್ ಬಿಫೋರ್ ಫೀಡಿಂಗ್.’ ಮೋಲ್ಟ್ ಅಂದರೆ ಜ್ವರ ಅಂತ ಮಾತ್ರ ನಾನು ಹೇಳಿದೆ. ಉಳಿದದ್ದಕ್ಕೆ ಬಾಯಿ ಹಾಕಲಿಲ್ಲ. ಅವನು ಬೆರಳಿಟ್ಟುಕೊಂಡು ಎರಡು ಸಲ ಹೋದ. ‘ಬಿಫೋರ್’ ಹತ್ತಿರ ನಿಂತ. “ಮುಂಚೆ ಅಂತ ಐತೆ. ಅರ್ಧ ಗಂಟೆ ಮುಂಚೆ.” ಅಮ್ಮನ ಕಡೆ ತಿರುಗಿ ತೆಲುಗಿನಲ್ಲಿ ಹೇಳಿದ. ಅವರು ಸೊಪ್ಪಿನ ಕಡ್ಡಿ ಹರವುತ್ತಲೇ, “ಅದೇ ಕದರಾ ನೇನು ಚೆಪ್ಪಿಂದಿ” ಅಂದರು. ತಾವು ಹೇಳಿದ್ದೂ ಅದನ್ನೇ ಅಂತ.

ಹುಡುಗ ಸೋತಿದ್ದ, ಆದರೆ ಅವನ ಮುಖದಲ್ಲಿ ಸೋಲಿರಲಿಲ್ಲ. ಅವನು ಆ ವಾಕ್ಯವನ್ನು ಇನ್ನೊಂದು ಸಲ ಓದಿ ನನ್ನನ್ನು ಕೇಳಿದ: “ಯಾರು ಉದುರಿಸ್ಬೇಕು ಅಂತ ಇಲ್ವಲ್ಲ ಅಕ್ಕಾ ಇದ್ರಲ್ಲಿ?”

ನಾನು ಕೇಳಿದೆ, “ಯಾರಾದ್ರೆ ಏನು?”

“ಹೌದು, ಯಾರಾದ್ರೂ ಉದುರಿಸ್ಬೋದು. ಪುಡಿ ಬೀಳ್ಬೇಕು, ಅಷ್ಟೇ.”

ಕರ್ಮಣಿ ಪ್ರಯೋಗ ಯಾಕೆ ಇದೆ ಅಂತ ಇಷ್ಟು ಸರಿಯಾಗಿ ಹೇಳಿದ ವ್ಯಾಕರಣದ ಪುಸ್ತಕವನ್ನು ನಾನು ನೋಡಿಲ್ಲ. ಮಾಡಿದವರು ಯಾರು ಅನ್ನುವುದು ಮುಖ್ಯವಲ್ಲ, ಆಗಬೇಕಾದ ಕೆಲಸ ಮುಖ್ಯ. ಪ್ಯಾಕೇಜಿನಲ್ಲಿ ಅವನು ಇದೇ ವಿಷಯಕ್ಕೆ ಸೂತ್ರ ಬಾಯಿಪಾಠ ಮಾಡಿದ್ದ: ಕರ್ಮ ಮುಂದಕ್ಕೆ ತಂದು, ಸಹಾಯಕ ಕ್ರಿಯಾಪದ ಹಾಕಿ, ಮೂರನೇ ರೂಪ ಬರೆದು, ‘ಬೈ’ ಸೇರಿಸು. ಆ ಸೂತ್ರದಿಂದ ಅವನಿಗೆ ಒಂದು ಅಂಕವೂ ಬಂದಿರಲಿಲ್ಲ.

ಅಲ್ಲಿಂದ ಮುಂದೆ ನಾವು ಪ್ಯಾಕೇಜನ್ನು ಪಕ್ಕಕ್ಕಿಟ್ಟೆವು. ಅವರಮ್ಮನಿಗೆ ಹೆದರಿಕೆ ಆಯಿತು. “ಪರೀಕ್ಷೆ ಹತ್ರ ಬಂತಲ್ಲ ಮೇಡಂ, ಇನ್ನೂ ಅದು ಇದು ಓದಿಸ್ತಿದ್ದೀರಲ್ಲ” ಅಂದರು. ಜನವರಿವರೆಗೆ ಬಿಡಿ ಅಂತ ಕೇಳಿಕೊಂಡೆ.

ಈ ದಾರಿ ನಾನು ಕಂಡುಹಿಡಿದದ್ದಲ್ಲ. ಎನ್.ಎಸ್. ಪ್ರಭು ಅಂತ ಇಂಗ್ಲಿಷ್ ಬೋಧನೆಯ ತಜ್ಞರೊಬ್ಬರು ತೋರಿಸಿದ್ದು. 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸ್ ಮುಂತಾದ ಕಡೆ ಸಾಮಾನ್ಯ ಶಾಲೆಗಳಲ್ಲಿ ಅವರು ಒಂದು ಪ್ರಯೋಗ ನಡೆಸಿದರು. ಬೆಂಗಳೂರಿನಲ್ಲಿರುವ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಅದರ ಬೆನ್ನಿಗಿತ್ತು. ಜಗತ್ತಿನ ಭಾಷಾ ಶಿಕ್ಷಕರು ಇದನ್ನು ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಕರೆಯುತ್ತಾರೆ. ವಿಚಾರ ಹೀಗೆ: ಮಗುವಿನ ಗಮನ ವ್ಯಾಕರಣದ ಮೇಲೆ ಇರಬಾರದು, ಒಂದು ಸಮಸ್ಯೆ ಬಿಡಿಸುವುದರ ಮೇಲೆ ಇರಬೇಕು. ನಕ್ಷೆ ನೋಡಿ ದಾರಿ ಹುಡುಕು, ರೈಲಿನ ವೇಳಾಪಟ್ಟಿ ನೋಡಿ ಯಾವ ರೈಲು ಹಿಡಿಯಬೇಕು ಹೇಳು. ಸಮಸ್ಯೆ ಇಂಗ್ಲಿಷಿನಲ್ಲಿ ಇರುತ್ತದೆ. ಅದನ್ನು ಬಿಡಿಸುವ ಹೊತ್ತಿಗೆ ಭಾಷೆಯ ಕಟ್ಟು ತನಗೆ ತಾನೇ ಒಳಗೆ ಇಳಿಯುತ್ತದೆ. ಈಗ ದೇಶ ವಿದೇಶಗಳಲ್ಲಿ ನಡೆಯುವ ಚಟುವಟಿಕೆ ಆಧಾರಿತ ಭಾಷಾ ಬೋಧನೆಯ ಬೇರು ಇಲ್ಲಿ, ನಮ್ಮ ಪಕ್ಕದ ಬೆಂಗಳೂರಿನಲ್ಲಿ ಇದೆ. ಅಲ್ಲಿಂದ ಹೆಚ್ಚು ದೂರವೇನಿಲ್ಲದ ನಮ್ಮ ಶಾಲೆಗಳಿಗೆ ಅದು ಬಂದು ತಲುಪಿಲ್ಲ ಅನ್ನುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ನಾನು ರೈಲನ್ನೇ ತಗೊಂಡೆ. ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗುವ ಗಾಡಿಗಳ ಪಟ್ಟಿಯನ್ನು ಇಂಗ್ಲಿಷಿನಲ್ಲಿ ಪ್ರಿಂಟ್ ಹಾಕಿಸಿದೆ. ನಿಮ್ಮಮ್ಮ ಕೋಲಾರದ ಆಸ್ಪತ್ರೆಗೆ ಹೋಗಬೇಕು, ಸಂಜೆ ಸೊಪ್ಪು ಹಾಕುವ ಹೊತ್ತಿಗೆ ಮನೆಯಲ್ಲಿರಬೇಕು, ಯಾವ ಗಾಡಿಗೆ ಹೋಗಿ ಯಾವುದಕ್ಕೆ ಬರಬೇಕು? ಪ್ರಶ್ನೆಯನ್ನೂ ಇಂಗ್ಲಿಷಿನಲ್ಲೇ ಬರೆದುಕೊಟ್ಟೆ. ಅವನು ಗಣಿತದ ಹುಡುಗ ಅಲ್ವಾ, ಅಲ್ಲಿಗೆ ಗಾಳ ಸರಿಯಾಗಿ ಬಿತ್ತು. ಉತ್ತರ ಮಾತ್ರ ಬೇಡ, ಯಾಕೆ ಅಂತ ಎರಡು ಸಾಲು ಬರಿ ಅಂದೆ. ‘ಬಿಕಾಸ್’ ಹಾಕಿ ಬರೆದ ಅವನ ಮೊದಲ ವಾಕ್ಯ ಅವತ್ತು ಬಂತು. ಕ್ರಿಯಾಪದ ಅದರ ಜಾಗದಲ್ಲಿ ಕೂತಿತ್ತು. ಕೊನೆಗೆ ಅವನು ತಲೆಯಾಡಿಸಿ, “ಇದೆಲ್ಲ ಬ್ಯಾಡ ಅಕ್ಕಾ, ಅಮ್ಮ ಬಸ್ಸಿಗೇ ಹೋಗೋದು ವಾಸಿ” ಅಂದ. ಅದನ್ನೂ ಇಂಗ್ಲಿಷಿನಲ್ಲಿ ಬರೆಸಿದೆ.

ಪದ್ಯದ ವಿಷಯದಲ್ಲಿ ಆದದ್ದನ್ನೂ ಹೇಳಬೇಕು. ಪಠ್ಯದಲ್ಲಿ ದಯೆಯ ಬಗ್ಗೆ ಒಂದು ಹಳೇ ಇಂಗ್ಲಿಷ್ ಪದ್ಯ ಇದೆ. ದಯೆ ಆಕಾಶದಿಂದ ಬೀಳುವ ಮಳೆಯ ಹಾಗೆ, ಕೊಟ್ಟವರಿಗೂ ಪಡೆದವರಿಗೂ ಒಳ್ಳೆಯದು ಅನ್ನುತ್ತದೆ. ಬಾಯಿಪಾಠ ಬರೆಯಲು ಅದು ಬರಬಹುದು ಅಂತ ಎಲ್ಲ ಮಕ್ಕಳೂ ಉರು ಹೊಡೆದಿರುತ್ತಾರೆ. ಇವನಿಗೂ ಬರುತ್ತಿತ್ತು. ಏನು ಹೇಳುತ್ತದೆ ಅಂತ ಮಾತ್ರ ಗೊತ್ತಿರಲಿಲ್ಲ. ಒಂದೊಂದು ಸಾಲಿಗೂ ನಿಂತು, ತೆಲುಗು ಕನ್ನಡ ಎಲ್ಲ ಸೇರಿಸಿ ಮಾತಾಡಿದೆವು. ಅವನು ಸ್ವಲ್ಪ ಹೊತ್ತು ಯೋಚಿಸಿ, ಈ ಪದ್ಯ ತಪ್ಪು ಅಂದ.

“ಯಾಕೋ?”

“ಮಳೆ ಹಾಗೆ ಬೀಳಲ್ಲ ಅಕ್ಕಾ. ನಮ್ಮ ಹೊಲಕ್ಕೆ ಬೀಳುತ್ತೆ, ಪಕ್ಕದ ರಾಮಪ್ಪನೋರ ಹೊಲ ಒಣಗಿರುತ್ತೆ. ಒಂದೊಂದು ವರ್ಷ ಅವರ ಕಡೆ ಬೀಳುತ್ತೆ, ನಮಗಿಲ್ಲ.”

ವರ್ಷಪೂರ್ತಿ ಹರಿಯುವ ನದಿ ಇಲ್ಲದ, ಬೋರ್‌ವೆಲ್ ನಂಬಿ ಬದುಕುವ ಜಿಲ್ಲೆಯ ಹುಡುಗ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆರೆ ತುಂಬಿಸಿಕೊಳ್ಳುವ ಪರಿಸ್ಥಿತಿ ನಮ್ಮದು. ಮಳೆಯ ವಿಷಯದಲ್ಲಿ ಅವನಿಗೆ ಯಾವ ಕವಿಯೂ ಪಾಠ ಹೇಳಬೇಕಿಲ್ಲ. ಆ ಪದ್ಯದ ಜೊತೆ ಅವನು ಜಗಳ ಆಡಿದ್ದು ನನಗೆ ಅವನು ಅದನ್ನು ಒಪ್ಪಿಸಿದ್ದಕ್ಕಿಂತ ದೊಡ್ಡದಾಗಿ ಕಂಡಿತು. ಅರ್ಥವಾಗದ ಮಾತಿನ ಜೊತೆ ಯಾರೂ ಜಗಳ ಆಡುವುದಿಲ್ಲ.

ಜನವರಿಯಲ್ಲಿ ಮಾತು ಕೊಟ್ಟ ಹಾಗೆ ಪ್ಯಾಕೇಜ್ ತೆರೆದೆವು. ಈಗ ಅದು ಉಪಯೋಗಕ್ಕೆ ಬಂತು. ಪ್ರಶ್ನೆಪತ್ರಿಕೆ ಹೇಗಿರುತ್ತದೆ, ಎಲ್ಲಿ ಎಷ್ಟು ಹೊತ್ತು ಕೊಡಬೇಕು ಅಂತ ತಿಳಿದುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಪಟ್ಟಿಯಲ್ಲಿ ಹೆಸರು, ವಯಸ್ಸು, ಓದು, ಹವ್ಯಾಸ ಕೊಟ್ಟು ಒಬ್ಬರ ಪರಿಚಯ ಬರೆಯಿರಿ ಅನ್ನುವ ಪ್ರಶ್ನೆ ಬರುತ್ತದಲ್ಲ, ಅದನ್ನು ಅವರ ಊರಿನ ಜನರನ್ನು ಇಟ್ಟುಕೊಂಡೇ ಅಭ್ಯಾಸ ಮಾಡಿದ. ಅವರಜ್ಜಿ, ಗೂಡಿನ ಮಾರುಕಟ್ಟೆಯಲ್ಲಿ ಗೂಡು ಕೊಂಡು ನೂಲು ತೆಗೆಯುವ ರೀಲರ್, ಶಾಲೆಯ ಬಿಸಿಯೂಟದ ಅಕ್ಕ. ಪತ್ರ ಎರಡು ಬಗೆಯವು, ಮನೆಯವರಿಗೆ ಮತ್ತು ಆಫೀಸಿಗೆ. ಯಾರಿಗೆ, ಯಾಕೆ ಅನ್ನುವ ಎರಡು ಪ್ರಶ್ನೆಗೆ ಮೊದಲು ಕನ್ನಡದಲ್ಲಿ ಉತ್ತರ ಹೇಳದೆ ಪೆನ್ನು ಮುಟ್ಟಬಾರದು ಅಂತ ನಮ್ಮಲ್ಲೊಂದು ಕಟ್ಟಳೆ ಇತ್ತು. ಮದುವೆ ಪತ್ರದ ಗಾಯ ಅವನಿಗೆ ಇನ್ನೂ ಮಾಸಿರಲಿಲ್ಲ.

ಹೆಚ್ಚು ಹೊತ್ತು ಕೊಟ್ಟದ್ದು ಪ್ಯಾಸೇಜಿಗೆ. ಪಠ್ಯದಲ್ಲಿ ಇಲ್ಲದ ಒಂದು ತುಂಡು ಗದ್ಯ ಕೊಟ್ಟು ಪ್ರಶ್ನೆ ಕೇಳುತ್ತಾರೆ. ನಾಲ್ಕು ಅಂಕ. ಹಿಂದುಳಿದ ಮಕ್ಕಳಿಗೆ ಇದನ್ನು ಬಿಟ್ಟುಬಿಡಿ ಅಂತ ಹೇಳುವವರಿದ್ದಾರೆ, ಯಾಕೆಂದರೆ ಏನು ಬರುತ್ತದೆ ಅಂತ ಗ್ಯಾರಂಟಿ ಇಲ್ಲ. ಇನ್ನು ಕೆಲವರು ಪ್ರಶ್ನೆಯಲ್ಲಿರುವ ಒಂದು ಪದವನ್ನು ಗದ್ಯದಲ್ಲಿ ಹುಡುಕಿ, ಅದಿರುವ ಸಾಲನ್ನು ಹಾಗೇ ಇಳಿಸಿ ಅನ್ನುತ್ತಾರೆ. ನನಗೆ ಇಡೀ ಪೇಪರಿನಲ್ಲಿ ಅತ್ಯಂತ ಪ್ರಾಮಾಣಿಕವಾದ ಪ್ರಶ್ನೆ ಇದೇ. ಮಗುವಿಗೆ ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳಲು ಬರುತ್ತದಾ ಅಂತ ನೇರವಾಗಿ ಕೇಳುವ ಪ್ರಶ್ನೆ ಇದೊಂದೇ.

ನಾವು ಮಾಡುತ್ತಿದ್ದದ್ದು ಇಷ್ಟು. ಪ್ರಶ್ನೆಗಳನ್ನು ಕೈಯಿಂದ ಮುಚ್ಚಿಡುವುದು. ಪ್ರತಿ ವಾಕ್ಯದಲ್ಲಿ ಕೆಲಸ ಹೇಳುವ ಪದಕ್ಕೆ ಪೆನ್ಸಿಲ್ ಗೆರೆ. ಅದರ ಎಡಕ್ಕೆ ನೋಡಿ, ಮಾಡಿದವರು ಯಾರು ಅಂತ ಸುತ್ತು ಹಾಕುವುದು. ಗೊತ್ತಿಲ್ಲದ ಪದ ಬಂದರೆ ನಿಲ್ಲದೆ ಮುಂದೆ ಹೋಗುವುದು. ಕೊನೆಗೆ ತೆಲುಗಿನಲ್ಲೋ ಕನ್ನಡದಲ್ಲೋ ಕಥೆ ಹೇಳುವುದು. ಹೇಳಲು ಬಂದರೆ ಮಾತ್ರ ಪ್ರಶ್ನೆಗಳ ಮೇಲಿಂದ ಕೈ ತೆಗೆಯುವುದು. ಮೊದಮೊದಲು ಒಂದು ಪ್ಯಾಸೇಜಿಗೆ ಇಡೀ ಸಂಜೆ ಹೋಗುತ್ತಿತ್ತು. ಗೊತ್ತಿಲ್ಲದ ಪದದ ಹತ್ತಿರ ನಿಲ್ಲದೆ ಮುಂದಕ್ಕೆ ಹೋಗು ಅಂದರೆ ಅವನಿಗೆ ಆಗುತ್ತಲೇ ಇರಲಿಲ್ಲ, ಅಲ್ಲೇ ಬೆವರುತ್ತಿದ್ದ. ಪರೀಕ್ಷೆಯ ಹೆದರಿಕೆ ಅಂತ ನಾವು ಕರೆಯುವುದರ ಬಹುಪಾಲು ಇದೇ ಇರಬೇಕು. ಒಂದು ಪದ ಗೊತ್ತಿಲ್ಲ ಅಂದರೆ ಎಲ್ಲ ಮುಗಿಯಿತು ಅಂತ ಮಕ್ಕಳು ಅಂದುಕೊಂಡಿದ್ದಾರೆ. ಪೂರ್ತಿ ಗೊತ್ತಿಲ್ಲದೆಯೂ ಮುಕ್ಕಾಲು ಅರ್ಥ ಹಿಡಿಯಬಹುದು ಅಂತ ಒಂದು ಸಲ ಅನುಭವಕ್ಕೆ ಬಂದರೆ ಸಾಕು, ಭುಜ ಸಡಿಲವಾಗುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ.

2024ರ ಮಾರ್ಚಿನ ಪರೀಕ್ಷೆ ನಿಮಗೆ ನೆನಪಿರಬಹುದು. ಕೊಠಡಿಗಳಲ್ಲಿ ಸಿಸಿ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದ ವರ್ಷ. ಮಕ್ಕಳು ಮೇಲೆ ನೋಡಲೂ ಹೆದರುತ್ತಿದ್ದರು. ಹಿಂದಿನ ವರ್ಷ ಶೇಕಡ 83.89 ಇದ್ದ ರಾಜ್ಯದ ಫಲಿತಾಂಶ ಆ ವರ್ಷ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚು ಕೊಟ್ಟ ಮೇಲೆ. ಆಗ ಟಿವಿಯಲ್ಲಿ ಬಂದ ಚರ್ಚೆಯೆಲ್ಲ ನಕಲು, ಶಿಸ್ತು, ಮೇಲ್ವಿಚಾರಣೆ ಇವುಗಳ ಸುತ್ತಲೇ ಇತ್ತು. ಪಕ್ಕದವರ ಪಿಸುಮಾತೂ ಇಲ್ಲದೆ, ಬಾಯಿಪಾಠ ಮಾಡಿದ ಪ್ರಶ್ನೆಯೂ ಬಾರದೆ ಕೂತ ಮಗುವಿನ ಕೈಯಲ್ಲಿ ನಾವು ಹತ್ತು ವರ್ಷದಲ್ಲಿ ಏನು ಕೊಟ್ಟಿದ್ದೆವು ಅಂತ ಕೇಳಿದವರು ಕಡಿಮೆ.

ನಮ್ಮ ಹುಡುಗ ಪಾಸಾದ. ಆಗ ಇಂಗ್ಲಿಷಿನಲ್ಲಿ ಬರವಣಿಗೆಗೆ 80ಕ್ಕೆ 28 ಬರಬೇಕಿತ್ತು. ಅವನಿಗೆ ಅದಕ್ಕಿಂತ ಹತ್ತಾರು ಅಂಕ ಹೆಚ್ಚು ಬಂತು. ಪೇಪರಿನಲ್ಲಿ ಹೆಸರು ಬರುವಂಥ ಅಂಕವೇನಲ್ಲ. ಈಗ ಚಿಕ್ಕಬಳ್ಳಾಪುರದಲ್ಲಿ ಓದುತ್ತಿದ್ದಾನೆ. ವಿಜ್ಞಾನ ಎಲ್ಲ ಇಂಗ್ಲಿಷಿನಲ್ಲೇ. ಕಷ್ಟ ಇದೆ, ಇಲ್ಲ ಅಂತ ಅವನೂ ಹೇಳುವುದಿಲ್ಲ. ಭೌತಶಾಸ್ತ್ರದ ಪುಸ್ತಕ ತಂದು ವಾಕ್ಯದ ಮೇಲೆ ಬೆರಳಿಟ್ಟು, “ಇಲ್ಲಿ ಮಾಡಿದ್ದು ಯಾರು ಅಕ್ಕಾ?” ಅಂತ ಕೇಳುತ್ತಾನೆ. ಬಹಳ ಸಲ ಉತ್ತರ ಯಾರೂ ಅಲ್ಲ ಅಂತಲೇ ಇರುತ್ತದೆ. ವಿಜ್ಞಾನದ ಪುಸ್ತಕಗಳು ತುಂಬಾ ಕರ್ಮಣಿಯಲ್ಲೇ ಮಾತಾಡುತ್ತವೆ.

ಫಲಿತಾಂಶ ಬಂದ ಮೇಲೆ ಅವರಪ್ಪ ಒಂದು ಭಾನುವಾರ ಬಂದರು. ಮಗಳು ಆಗ ಐದನೇ ಕ್ಲಾಸು ಮುಗಿಸಿದ್ದಳು. ಅವಳನ್ನು ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದರೆ ಅಣ್ಣನ ಪಾಡು ತಪ್ಪುತ್ತದಾ ಅಂತ ಕೇಳಿದರು. 2019-20ರಿಂದ ರಾಜ್ಯದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ಶುರು ಮಾಡಿದ್ದರು. ಖಾಸಗಿ ಶಾಲೆಯ ಹಳದಿ ವ್ಯಾನು ದಿನಾ ಅವರ ಮನೆ ಮುಂದೆಯೇ ಹಾದುಹೋಗುತ್ತದೆ. ಅವರ ಆಸೆ ನನಗೆ ಅರ್ಥವಾಗುತ್ತದೆ. ಯಾವ ತಂದೆಗೆ ಇರುವುದಿಲ್ಲ?

ನಾನು ನೇರವಾಗಿಯೇ ಹೇಳಿದೆ. ಮಾಧ್ಯಮ ಬದಲಾಯಿಸಿದರೆ ವಿಜ್ಞಾನ, ಸಮಾಜವನ್ನೂ ಅವಳು ಅರ್ಥವಾಗದೆ ಬಾಯಿಪಾಠ ಮಾಡಬೇಕಾಗುತ್ತದೆ. ಈಗ ಅಣ್ಣನಿಗೆ ಒಂದು ವಿಷಯದಲ್ಲಿ ಆದದ್ದು ಅವಳಿಗೆ ಎಲ್ಲ ವಿಷಯದಲ್ಲೂ ಆಗುತ್ತದೆ. ಅವಳಿಗೆ ಈಗ ಕನ್ನಡದಲ್ಲಿ ಎಲ್ಲ ಅರ್ಥವಾಗುತ್ತಿದೆ, ಅದನ್ನು ಕಿತ್ತುಕೊಳ್ಳಬೇಡಿ. ಇಂಗ್ಲಿಷನ್ನು ಇಂಗ್ಲಿಷಾಗಿ ಚೆನ್ನಾಗಿ ಕಲಿಸೋಣ, ಅವಳ ಕೈಯಲ್ಲಿ ಇನ್ನೂ ಐದು ವರ್ಷ ಇದೆ. ಅವರು ಟೀ ಕುಡಿದು, ಯೋಚನೆ ಮಾಡುತ್ತೀನಿ ಅಂತ ಹೋದರು. ಜೂನ್‌ನಲ್ಲಿ ಮಗಳು ಅದೇ ಸರ್ಕಾರಿ ಶಾಲೆಯ ಆರನೇ ಕ್ಲಾಸಿಗೆ ಹೋದಳು.

ವಾರದಲ್ಲಿ ಮೂರು ಸಂಜೆ ಅವಳು ನಮ್ಮ ಜಗಲಿಗೆ ಬರುತ್ತಾಳೆ. ಅವಳ ಮುಂದೆ ಸದ್ಯಕ್ಕೆ ಯಾವ ದೊಡ್ಡ ಪರೀಕ್ಷೆಯೂ ಇಲ್ಲ, ಹಾಗಾಗಿ ನಮಗೆ ಅವಸರವೂ ಇಲ್ಲ. ಅವಳಿಗೆ ರೈಲು ಬೇಡವಂತೆ, ಪುಡಿಯ ಪೊಟ್ಟಣವೂ ಬೇಡ. ಅಡುಗೆ ಬೇಕು. ಕಳೆದ ವಾರ ನೂಡಲ್ಸ್ ಪ್ಯಾಕೆಟ್ಟಿನ ಹಿಂಭಾಗ ಓದಿದೆವು. ಮುಂದಿನ ವಾರ ಅವರಜ್ಜಿ ಮಾಡುವ ಉಪ್ಸಾರನ್ನು ಅದೇ ರೀತಿ, ಒಂದು ಎರಡು ಮೂರು ಅಂತ, ಇಂಗ್ಲಿಷಿನಲ್ಲಿ ಬರೆದು ತರುತ್ತಾಳಂತೆ. ಅಜ್ಜಿ ಎಷ್ಟು ಉಪ್ಪು ಹಾಕುತ್ತಾರೆ ಅಂತ ಕೇಳಿದರೆ ಕೈಯಲ್ಲಿ ತೋರಿಸುತ್ತಾರೆ, ಅದನ್ನು ಹೇಗೆ ಬರೆಯೋದು ಅಂತ ಈಗಲೇ ಕೇಳುತ್ತಿದ್ದಾಳೆ.